ನೋವು ತಿಂದವರ ಚರಿತ್ರೆ

ಹೋದ ತಿಂಗಳು ಮಗಳು ಫೋನ್ ಮಾಡಿದ್ದಳು. ಅವಳಿಗೀಗ ಏಳು ತಿಂಗಳು. ಸೀಮಂತದ ಸೀರೆ, ಹಸಿರು ಬಳೆ, ಯಾರನ್ನು ಕರೆಯಬೇಕು, ಚಿತ್ರಾನ್ನ ಮಾಡೋದೋ ಪುಳಿಯೋಗರೆಯೋ ಎಂದೆಲ್ಲ ಮಾತಾಡಿ ಮುಗಿಸಿದೆವು. ಫೋನ್ ಇಡುವ ಮೊದಲು ಸ್ವಲ್ಪ ತಡೆದು ಕೇಳಿದಳು: "ಅಮ್ಮಾ, ನಿಜ ಹೇಳು. ಹೆರಿಗೆ ನೋವು ಹೇಗಿರುತ್ತೆ?"

"ಏನೂ ಇಲ್ಲ ಬಿಡೇ, ಪ್ರಪಂಚದಲ್ಲಿ ಎಲ್ಲರೂ ಹೆತ್ತಿಲ್ವಾ? ಮಗು ಮುಖ ನೋಡಿದ ತಕ್ಷಣ ಎಲ್ಲ ಮರೆತುಹೋಗುತ್ತೆ" ಎಂದುಬಿಟ್ಟೆ. ಮೂವತ್ತು ವರ್ಷದ ಹಿಂದೆ ನನ್ನಮ್ಮ ನನಗೆ ಕೊಟ್ಟಿದ್ದೂ ಇದೇ ಉತ್ತರ. ಅವರಿಗೆ ಅವರಮ್ಮ ಕೊಟ್ಟಿದ್ದೂ ಬಹುಶಃ ಇದೇ ಇರಬೇಕು. ಫೋನ್ ಇಟ್ಟ ಮೇಲೆ ಮನಸ್ಸಿಗೆ ಸಮಾಧಾನವಾಗಲಿಲ್ಲ. ಯಾಕೆಂದರೆ ನಾನು ಮರೆತಿರಲಿಲ್ಲ.

ಮಹಿಳಾ ವೇದಿಕೆಯ ಸಂಚಿಕೆಗೆ ಈ ಸಲ ಏನಾದರೂ ಬರೆಯಿರಿ ಎಂದು ಗೆಳತಿಯರು ಕೇಳುತ್ತಿದ್ದರು. ಸರಿ, ಮಗಳಿಗೆ ಹೇಳಲಾರದ ಉತ್ತರವನ್ನೇ ಹುಡುಕೋಣ ಎಂದು ಕುಳಿತೆ. ಹುಡುಕುತ್ತಾ ಹೋದಂತೆ ಇದು ನನ್ನೊಬ್ಬಳ ಕತೆಯಲ್ಲ, ದೊಡ್ಡದೊಂದು ಚರಿತ್ರೆಯೇ ಇದೆ ಎಂದು ಗೊತ್ತಾಯಿತು. ರಾಜರ ಯುದ್ಧಗಳ ಬಗ್ಗೆ ನಮಗೆ ಶಾಲೆಯಲ್ಲಿ ಹೇಳಿಕೊಟ್ಟರು. ಆ ರಾಜರನ್ನು ಹೆತ್ತವರು ಆ ರಾತ್ರಿಗಳನ್ನು ಹೇಗೆ ಕಳೆದರು ಎಂದು ಯಾರೂ ಹೇಳಲಿಲ್ಲ.

ಒಂದು ಮಂಜಿನ ರಾತ್ರಿ

1994ರ ಡಿಸೆಂಬರ್. ಮಯೂರ್ ವಿಹಾರ್ ಒಂದನೇ ಫೇಸ್‌ಗೆ ನಾವು ಬಂದು ಎರಡು ವರ್ಷವೂ ಆಗಿರಲಿಲ್ಲ. ಮೆಟ್ರೋ ಇರಲಿಲ್ಲ, ಅಕ್ಷರಧಾಮ ಇರಲಿಲ್ಲ. ಸಂಜೆಯಾದರೆ ಯಮುನೆಯ ಕಡೆಯಿಂದ ಮಂಜು ಮೇಲೇರಿ ಬರುತ್ತಿತ್ತು. ಮೊದಲ ಹೆರಿಗೆ ತವರಿನಲ್ಲಾಗಬೇಕು ಎಂಬುದು ನಮ್ಮ ಪದ್ಧತಿ. ಆದರೆ ವೈದ್ಯರು ಎರಡು ದಿನದ ರೈಲು ಪ್ರಯಾಣ ಬೇಡ ಎಂದಿದ್ದರಿಂದ ನಾನು ಇಲ್ಲೇ ಉಳಿದೆ. ಅಮ್ಮ ಕೆ.ಕೆ. ಎಕ್ಸ್‌ಪ್ರೆಸ್‌ಗೆ ಟಿಕೆಟ್ ಮಾಡಿಸಿದ್ದರು. ನೋವು ಅವರಿಗಿಂತ ನಾಲ್ಕು ದಿನ ಮುಂಚೆ ಬಂತು.

ರಾತ್ರಿ ಹನ್ನೊಂದಕ್ಕೆ ಟ್ಯಾಕ್ಸಿಯಲ್ಲಿ ನಿಜಾಮುದ್ದೀನ್ ಸೇತುವೆ ದಾಟಿ ನದಿಯಾಚೆಯ ಒಂದು ಆಸ್ಪತ್ರೆ ಸೇರಿದೆ. ಯಜಮಾನರನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಎಂಟು ಹಾಸಿಗೆ, ಎಂಟು ಹೆಂಗಸರು. ನನಗೆ ಬರುತ್ತಿದ್ದ ಹಿಂದಿ ತರಕಾರಿ ಅಂಗಡಿಗೆ ಸಾಕಾಗುವಷ್ಟು ಮಾತ್ರ. ನೋವು ಜೋರಾದಾಗ ಅಷ್ಟೂ ಮರೆತುಹೋಯಿತು. "ಅಮ್ಮಾ" ಎಂದು ಕೂಗಿದೆ. ಅಲ್ಲಿದ್ದವರೊಬ್ಬರು ಸಿಟ್ಟಾಗಿ ಒಂದು ಮಾತು ಅಂದರು. ಇಲ್ಲಿ ಬರೆಯುವಂಥದ್ದಲ್ಲ, ಆದರೆ ಓದುತ್ತಿರುವ ಅನೇಕರಿಗೆ ಅದು ಯಾವ ಮಾತು ಎಂದು ಗೊತ್ತಿರುತ್ತದೆ. ಗಂಡನ ಜೊತೆ ಇರುವಾಗ ಕೂಗಿದ್ದೆಯಾ ಎಂಬ ಅರ್ಥದ ಮಾತು. ಆಮೇಲೆ ನಾನು ಕೂಗಲಿಲ್ಲ. ತುಟಿ ಕಚ್ಚಿಕೊಂಡು ಮಲಗಿದೆ. ನೋವಿಗಿಂತ ಹೆಚ್ಚಾಗಿ ಆ ನಾಚಿಕೆ ನನಗೆ ಇವತ್ತಿಗೂ ನೆನಪಿದೆ.

ಬೆಳಗಿನ ಜಾವ ನೆಲ ಒರೆಸಲು ಬಂದ ವಯಸ್ಸಾದ ಆಯಾ ಒಬ್ಬರು ನನ್ನನ್ನು ನೋಡಿದರು. ಬಕೆಟ್ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡು, ನನ್ನನ್ನು ಒಂದು ಮಗ್ಗುಲಿಗೆ ತಿರುಗಿಸಿ, ಸೊಂಟದ ಕೆಳಗೆ ಅಂಗೈಯಿಂದ ಒತ್ತಿ ಹಿಡಿದರು. ನೋವು ಏರಿದಾಗ ಒತ್ತುವುದು, ಇಳಿದಾಗ ಬಿಡುವುದು. ಬಾಯಲ್ಲಿ ಉಸಿರು ಬಿಡು ಎಂದು ತಾವೇ ಬಿಟ್ಟು ತೋರಿಸಿದರು. ಅವರ ಭಾಷೆ ನನಗೆ ಗೊತ್ತಿಲ್ಲ, ನನ್ನದು ಅವರಿಗೆ ಗೊತ್ತಿಲ್ಲ. ಮಗಳು ಹುಟ್ಟಿದ್ದು ಆರೂವರೆಗೆ. ಅವರ ಹೆಸರನ್ನೂ ನಾನು ಕೇಳಲಿಲ್ಲ.

ನೋವು ಅಂದರೆ ಏನು

ಹೆರಿಗೆ ನೋವಿಗೂ ಬೇರೆ ನೋವಿಗೂ ಒಂದು ವ್ಯತ್ಯಾಸವಿದೆ. ಹಲ್ಲುನೋವು ಒಂದೇ ಸಮನೆ ಇರುತ್ತದೆ. ಹೆರಿಗೆ ನೋವು ಅಲೆಯ ಹಾಗೆ ಬಂದು ಹೋಗುತ್ತದೆ. ಗರ್ಭಕೋಶ ಒಂದು ದೊಡ್ಡ ಸ್ನಾಯುಚೀಲ. ಅದು ಬಿಗಿಯಾಗಿ ಸಡಿಲವಾಗಿ ತನ್ನ ಬಾಯನ್ನು ಸ್ವಲ್ಪಸ್ವಲ್ಪವೇ ತೆರೆಯುತ್ತದೆ. ಪೂರ್ತಿ ತೆರೆದಾಗ ಸುಮಾರು 10 ಸೆಂಟಿಮೀಟರ್. ಒಂದೊಂದು ಬಿಗಿತವೂ ಜೋರಾದ ಹಂತದಲ್ಲಿ ಒಂದು ನಿಮಿಷದಷ್ಟು ಇರುತ್ತದೆ, ನಡುವೆ ಎರಡು ಮೂರು ನಿಮಿಷ ಬಿಡುವು. ಮೊದಲ ಹಂತದಲ್ಲಿ ಕಿಬ್ಬೊಟ್ಟೆ, ಸೊಂಟ, ತೊಡೆಗಳಲ್ಲಿ ಹರಡಿದ, ಇಂಥ ಕಡೆ ಎಂದು ಬೆರಳಿಟ್ಟು ತೋರಿಸಲಾಗದ ಹಿಂಡುವ ನೋವು. ಮಗು ಕೆಳಗಿಳಿದು ಹೊರಬರುವ ಹಂತದಲ್ಲಿ ಕೆಳಭಾಗದಲ್ಲಿ ಉರಿ, ಸೀಳಿದಂಥ ಚುರುಕು ನೋವು. ಎರಡು ನೋವುಗಳೂ ಬೇರೆಬೇರೆ ನರಗಳ ಮೂಲಕ ಬೆನ್ನುಹುರಿ ಸೇರುತ್ತವೆ. ಅದಕ್ಕೇ ಎರಡೂ ಬೇರೆಯಾಗಿ ಅನಿಸುತ್ತವೆ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಝಾಕ್ 1975ರಲ್ಲಿ ನೋವನ್ನು ಅಳೆಯಲು ಒಂದು ಪ್ರಶ್ನಾವಳಿ ಮಾಡಿದರು. ರೋಗಿ ತನ್ನ ನೋವಿಗೆ ಹೊಂದುವ ಪದಗಳನ್ನು ಆರಿಸಬೇಕು: ಚುಚ್ಚುವುದು, ಹಿಂಡುವುದು, ಮಿಡಿಯುವುದು, ಉರಿಯುವುದು. 1981ರಲ್ಲಿ ಅವರೂ ಸಂಗಡಿಗರೂ ಅದೇ ಅಳತೆಗೋಲಿನಿಂದ ಹೆರಿಗೆ ನೋವನ್ನು ಅಳೆದಾಗ ಅದು ಅತ್ಯಂತ ತೀವ್ರ ನೋವುಗಳ ಸಾಲಿಗೆ ಸೇರಿತು. ಚೊಚ್ಚಲ ಹೆರಿಗೆಯಲ್ಲಿ ಇನ್ನೂ ಹೆಚ್ಚು. ಆದರೆ ಎಲ್ಲರಿಗೂ ಒಂದೇ ರೀತಿ ಇರಲಿಲ್ಲ. ಕೆಲವರಿಗೆ ಕಡಿಮೆ, ಕೆಲವರಿಗೆ ತಡೆಯಲಾರದಷ್ಟು. ಆದ್ದರಿಂದ "ನಾನು ತಡೆದುಕೊಂಡೆ, ನಿನಗೇನು" ಎಂಬ ಮಾತಿಗೆ ಅರ್ಥವೇ ಇಲ್ಲ.

ನಮ್ಮ ಭಾಷೆ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ. ಹೆರುವವಳು ನೋವು 'ತಿನ್ನುತ್ತಾಳೆ' ಎನ್ನುತ್ತೇವೆ. ಬೇನೆ ಎಂಬ ಪದ ಕಾಯಿಲೆಗೂ ಸಲ್ಲುತ್ತದೆ, ಹೆರಿಗೆಯ ನೋವಿಗೂ ಸಲ್ಲುತ್ತದೆ. 'ಬಂಜೆಗೇನು ಗೊತ್ತು ಬೇನೆ' ಎಂಬ ಗಾದೆಯೂ ಇದೆ. ಮಕ್ಕಳಿಲ್ಲದ ಹೆಣ್ಣಿಗೆ ಅದು ಕ್ರೂರವಾದ ಗಾದೆ, ನಾನಂತೂ ಬಳಸುವುದಿಲ್ಲ. ಆದರೆ ಅನುಭವಿಸದವರಿಗೆ ಇದನ್ನು ತಿಳಿಸುವುದು ಕಷ್ಟ ಎಂಬ ಸತ್ಯ ಅದರಲ್ಲಿದೆ.

ಸೂಲು ಬಲ್ಲವಳು

ಹೆರಿಗೆಗೆ ಹಳಗನ್ನಡದಲ್ಲಿ ಸೂಲ್ ಎನ್ನುತ್ತಿದ್ದರು. ತಮಿಳಿನಲ್ಲೂ ಅದರ ಸೋದರ ಪದವಿದೆ. ಸೂಲು ಮಾಡಿಸುವವಳು ಸೂಲಗಿತ್ತಿ. ಉತ್ತರದಲ್ಲಿ ಅವಳನ್ನೇ ದಾಯಿ ಎನ್ನುತ್ತಾರೆ. ಸಾವಿರಾರು ವರ್ಷ ಹೆರಿಗೆ ಎಂಬುದು ಪೂರ್ತಿ ಹೆಂಗಸರ ಕೋಣೆಯೊಳಗಿನ ವಿದ್ಯೆಯಾಗಿತ್ತು.

ಆ ಕೋಣೆಯೊಳಗಿನ ಒಂದು ಇಣುಕು ನೋಟ ಚರಕ ಸಂಹಿತೆಯಲ್ಲಿ ಸಿಗುತ್ತದೆ. ಸೂತಿಕಾಗಾರದಲ್ಲಿ ಹಲವು ಸಲ ಹೆತ್ತ, ಪ್ರೀತಿಯ ಸ್ವಭಾವದ ಹೆಂಗಸರು ಸುತ್ತ ಇರಬೇಕು, ಬಸುರಿಗೆ ಧೈರ್ಯ ಹೇಳುತ್ತಿರಬೇಕು ಎನ್ನುತ್ತದೆ ಆ ಗ್ರಂಥ. ನೋವು ಬಂದವಳ ಕೈಗೆ ಒನಕೆ ಕೊಟ್ಟು ಒರಳಲ್ಲಿ ಕುಟ್ಟಿಸಬೇಕು ಎಂದು ಕೆಲವರು ಹೇಳುತ್ತಿದ್ದರಂತೆ. ಆತ್ರೇಯರು ಅದನ್ನು ಒಪ್ಪುವುದಿಲ್ಲ. ಆ ಸಮಯದಲ್ಲಿ ಅಂಥ ಶ್ರಮ ಅಪಾಯ, ಆದರೆ ಆಕಳಿಸುವುದು, ಓಡಾಡುವುದು ಒಳ್ಳೆಯದು ಎನ್ನುತ್ತಾರೆ. ಸಂಸ್ಕೃತದಲ್ಲಿ ಹೆರಿಗೆ ನೋವಿಗೆ 'ಆವಿ' ಎಂದು ಹೆಸರು. ಆವಿ ಬಾರದೆ ಮುಕ್ಕಿದರೆ ಪ್ರಯೋಜನವಿಲ್ಲ, ಬಂದಾಗ ಮುಕ್ಕಬೇಕು ಎಂಬ ಸೂಚನೆಯೂ ಅಲ್ಲಿದೆ. ನಿಯಮ ಬರೆದವರು ಗಂಡಸರಿರಬಹುದು. ಆದರೆ ಯಾರೋ ಹೆತ್ತವಳು ಹೇಳಿಕೊಡದೆ ಇದು ಅವರಿಗೆ ಗೊತ್ತಾಗಿರಲು ಸಾಧ್ಯವಿಲ್ಲ ಎಂದು ನನಗನಿಸುತ್ತದೆ.

ಉಪಾಯಗಳೂ ನಂಬಿಕೆಗಳೂ ಬೆರೆತೇ ಬಂದವು. ನನ್ನ ಅಜ್ಜಿ ಹೇಳುತ್ತಿದ್ದಂತೆ, ನೋವು ಶುರುವಾದರೆ ಬಿಸಿನೀರು ಸೊಂಟಕ್ಕೆ ಹಾಕುವುದು, ಹರಳೆಣ್ಣೆ ತಿಕ್ಕುವುದು, ತೊಲೆಗೆ ಕಟ್ಟಿದ ಹಗ್ಗ ಹಿಡಿದು ಕುಕ್ಕರುಗಾಲಲ್ಲಿ ಕೂರಿಸುವುದು, ಜೀರಿಗೆ ಕಷಾಯ ಕುಡಿಸುವುದು. ಜೊತೆಗೆ ಪೆಟ್ಟಿಗೆಯ ಬೀಗ ತೆಗೆಯುವುದು, ಜಡೆಯ ಗಂಟು ಬಿಚ್ಚುವುದು. ಮನೆಯಲ್ಲಿ ಕಟ್ಟಿದ್ದೆಲ್ಲ ಬಿಚ್ಚಿದರೆ ಒಳಗಿನದೂ ಬಿಚ್ಚಿಕೊಳ್ಳುತ್ತದೆ ಎಂಬ ನಂಬಿಕೆ. ಉತ್ತರ ಭಾರತದಲ್ಲಿ ಚಕ್ರವ್ಯೂಹದ ಚಿತ್ರ ಬರೆದು ಹೆರುವವಳಿಗೆ ತೋರಿಸುವ ರೂಢಿ ಇತ್ತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯಲ್ಲಿ ಕೆತ್ತಿದ ಚಕ್ರವ್ಯೂಹವನ್ನು ನೀವು ನೋಡಿರಬಹುದು. ಅಭಿಮನ್ಯುವಿಗೆ ಹೊರಬರುವ ದಾರಿ ಗೊತ್ತಿರಲಿಲ್ಲ. ಈ ಮಗುವಿಗೆ ಗೊತ್ತಾಗಲಿ ಎಂಬ ಹಾರೈಕೆ ಆ ಚಿತ್ರದಲ್ಲಿದೆ ಎಂದು ನಾನು ತಿಳಿದುಕೊಂಡಿದ್ದೇನೆ.

ನಮ್ಮ ಕಾಲದಲ್ಲೇ ಈ ವಿದ್ಯೆಗೆ ಮುಖವಾಗಿ ನಿಂತವರು ಸೂಲಗಿತ್ತಿ ನರಸಮ್ಮ. ತುಮಕೂರು ಜಿಲ್ಲೆ ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು, 1920ರಲ್ಲಿ ಹುಟ್ಟಿದವರು. ಓದು ಬರಹ ಇಲ್ಲ. ಹನ್ನೆರಡನೆಯ ವಯಸ್ಸಿಗೆ ಮದುವೆ. ತಾವೇ ಹನ್ನೆರಡು ಮಕ್ಕಳನ್ನು ಹೆತ್ತವರು. ಅಜ್ಜಿಯಿಂದ ಕಲಿತ ವಿದ್ಯೆಯಲ್ಲಿ ಸುಮಾರು 70 ವರ್ಷ, 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟೇ ಮಗುವಿನ ತಲೆ ಎತ್ತ ಇದೆ ಎಂದು ಹೇಳುತ್ತಿದ್ದರಂತೆ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ಡಿಸೆಂಬರ್ 25ರಂದು, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಪದ್ಮಶ್ರೀ ಸುದ್ದಿ ಟಿವಿಯಲ್ಲಿ ಬಂದಾಗ ನನಗೆ ನೆನಪಾದದ್ದು ಬಕೆಟ್ ಪಕ್ಕಕ್ಕಿಟ್ಟ ಆ ಆಯಾ.

ಹಾಗೆಂದು ಹಳೆಯದೆಲ್ಲ ಚಿನ್ನ ಎನ್ನಲಾರೆ. ನನ್ನ ಅಜ್ಜಿಯ ತಂಗಿ ಎರಡನೆಯ ಹೆರಿಗೆಯಲ್ಲಿ ರಕ್ತಸ್ರಾವವಾಗಿ ಹೋದರು. ಪ್ರೀತಿಯ ಕೈಗಳು ಸುತ್ತ ಇದ್ದವು, ರಕ್ತ ನಿಲ್ಲಿಸುವ ಔಷಧಿ ಇರಲಿಲ್ಲ. ನಮ್ಮ ಹಿರಿಯರು ಹೆರಿಗೆಯನ್ನು ಮರುಹುಟ್ಟು ಎಂದದ್ದು ಸುಮ್ಮನೆ ಅಲ್ಲ.

ರಾಣಿಯ ಕರವಸ್ತ್ರ

ನೋವನ್ನೇ ಇಲ್ಲವಾಗಿಸಬಹುದೇ ಎಂಬ ಪ್ರಶ್ನೆ ಎದ್ದದ್ದು 1847ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ಜೇಮ್ಸ್ ಯಂಗ್ ಸಿಂಪ್ಸನ್ ಎಂಬ ವೈದ್ಯರು ಆ ವರ್ಷ ಜನವರಿಯಲ್ಲಿ ಹೆರಿಗೆಗೆ ಈಥರ್ ಬಳಸಿದರು, ನವೆಂಬರಿನಲ್ಲಿ ಕ್ಲೋರೋಫಾರ್ಮ್. ಕೂಡಲೇ ಆಕ್ಷೇಪಣೆಗಳು ಬಂದವು. ಈವ್ ನೋವಿನಿಂದ ಹೆರಬೇಕು ಎಂದು ಬೈಬಲಿನಲ್ಲಿ ದೇವರೇ ಹೇಳಿದ್ದಾನೆ, ಅದನ್ನು ತಪ್ಪಿಸುವುದು ಪಾಪ ಎಂದರು ಕೆಲವರು. ನೋವು ಪ್ರಕೃತಿಸಹಜ, ಅದನ್ನು ತೆಗೆದರೆ ಅಪಾಯ ಎಂದರು ಕೆಲವು ವೈದ್ಯರು. ಸಿಂಪ್ಸನ್ ಇಬ್ಬರಿಗೂ ಉತ್ತರ ಬರೆದರು. ಆದರೆ ವಾದವನ್ನು ತಣ್ಣಗಾಗಿಸಿದ್ದು ಒಬ್ಬ ಹೆಂಗಸು. 1853ರ ಏಪ್ರಿಲ್ 7ರಂದು ವಿಕ್ಟೋರಿಯಾ ರಾಣಿ ತನ್ನ ಎಂಟನೆಯ ಮಗು ಲಿಯೊಪೋಲ್ಡ್‌ನನ್ನು ಹೆರುವಾಗ ಕ್ಲೋರೋಫಾರ್ಮ್ ಕೇಳಿ ಪಡೆದಳು. ಜಾನ್ ಸ್ನೋ ಎಂಬ ವೈದ್ಯರು ಕರವಸ್ತ್ರದ ಮೇಲೆ ಸ್ವಲ್ಪಸ್ವಲ್ಪವೇ ಹನಿಸಿ 53 ನಿಮಿಷ ಕೊಟ್ಟರು. 1857ರಲ್ಲಿ ಒಂಬತ್ತನೆಯ ಹೆರಿಗೆಗೂ ಅವಳು ಅದನ್ನೇ ಕೇಳಿದಳು. ರಾಣಿಯೇ ತೆಗೆದುಕೊಂಡ ಮೇಲೆ ಪಾಪ ಎನ್ನುವವರ ದನಿ ಇಳಿಯಿತು.

ಅದೇ ರಾಣಿಯ ಮಾತಿನ ಮೇಲೆ 1885ರಲ್ಲಿ ಲೇಡಿ ಡಫರಿನ್ ಭಾರತದ ಹೆಂಗಸರಿಗೆ ವೈದ್ಯೆಯರನ್ನು, ದಾದಿಯರನ್ನು ಒದಗಿಸುವ ನಿಧಿ ಶುರುಮಾಡಿದರು. 1903ರಲ್ಲಿ ಲೇಡಿ ಕರ್ಜನ್ ದಾಯಿಗಳ ತರಬೇತಿಗೆ ಇನ್ನೊಂದು ನಿಧಿ ಮಾಡಿದರು. 1916ರಲ್ಲಿ ದೆಹಲಿಯಲ್ಲಿ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು ತೆರೆಯಿತು, ಗಂಡಸರ ಮುಂದೆ ಹೋಗದ ಹೆಂಗಸರಿಗೆ ಹೆಂಗಸರೇ ವೈದ್ಯರಾಗಲಿ ಎಂದು. ನಮ್ಮ ಮೈಸೂರು ಸಂಸ್ಥಾನವೂ ಹಿಂದುಳಿಯಲಿಲ್ಲ. ಮೈಸೂರಿನ ಚೆಲುವಾಂಬ ಆಸ್ಪತ್ರೆ, 1935ರಲ್ಲಿ ತೆರೆದ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆ ಎರಡಕ್ಕೂ ಅರಮನೆಯ ಹೆಂಗಸರ ಹೆಸರೇ ಇದೆ. ಈ ಸಂಚಿಕೆ ಓದುವವರಲ್ಲಿ ವಾಣಿವಿಲಾಸದಲ್ಲಿ ಹುಟ್ಟಿದವರು ಖಂಡಿತ ಇದ್ದೀರಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ಫ್ರೈಬರ್ಗ್‌ನಲ್ಲಿ 'ಮುಸ್ಸಂಜೆಯ ನಿದ್ದೆ' ಎಂಬ ಪದ್ಧತಿ ಬಂತು. ಮಾರ್ಫಿನ್ ಮತ್ತು ಸ್ಕೊಪೊಲಮಿನ್ ಸೇರಿಸಿ ಕೊಡುವುದು. 1914ರ ಹೊತ್ತಿಗೆ ಅಮೆರಿಕದ ಹೆಂಗಸರು ಅದು ತಮಗೂ ಬೇಕೆಂದು ಚಳವಳಿಯನ್ನೇ ಮಾಡಿದರು. ಆದರೆ ಅದು ನೋವನ್ನು ಪೂರ್ತಿ ತೆಗೆಯುತ್ತಿರಲಿಲ್ಲ, ನೋವಿನ ನೆನಪನ್ನು ತೆಗೆಯುತ್ತಿತ್ತು. ಹೆಂಗಸರು ಕೂಗುತ್ತಿದ್ದರು, ಹೊರಳಾಡುತ್ತಿದ್ದರು, ಎದ್ದಮೇಲೆ ಏನೂ ನೆನಪಿರುತ್ತಿರಲಿಲ್ಲ. ಮಕ್ಕಳು ಮಂಕಾಗಿ ಹುಟ್ಟುವುದೂ ಇತ್ತು. ತಾಯಿಗೆ ಕೊಟ್ಟ ಔಷಧಿ ಮಗುವಿಗೆ ಏನು ಮಾಡುತ್ತದೆ ಎಂಬ ಚಿಂತೆಯಲ್ಲಿದ್ದ ವರ್ಜೀನಿಯಾ ಆಪ್ಗಾರ್ ಎಂಬ ಅರಿವಳಿಕೆ ತಜ್ಞೆ 1952ರಲ್ಲಿ ಹುಟ್ಟಿದ ಮಗುವಿಗೆ ಅಂಕ ಕೊಡುವ ಕ್ರಮ ರೂಪಿಸಿದರು. ನಿಮ್ಮ ಮಕ್ಕಳ ಆಸ್ಪತ್ರೆ ಕಾಗದದಲ್ಲಿ 'ಆಪ್ಗಾರ್ 9' ಎಂದಿದ್ದರೆ ಅದು ಆ ಮಹಾತಾಯಿಯ ಹೆಸರು.

ಇನ್ನೊಂದು ದಾರಿಯನ್ನು ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ ತೋರಿಸಿದರು. ಭಯದಿಂದ ಮೈ ಬಿಗಿಯಾಗುತ್ತದೆ, ಬಿಗಿಯಾದರೆ ನೋವು ಹೆಚ್ಚುತ್ತದೆ, ನೋವು ಹೆಚ್ಚಿದರೆ ಭಯ ಇನ್ನೂ ಹೆಚ್ಚುತ್ತದೆ ಎಂಬುದು ಅವರ ವಾದ. 1950ರ ದಶಕದಲ್ಲಿ ಫ್ರಾನ್ಸಿನ ಲಮಾಜ್ ಸೋವಿಯತ್ ದೇಶದಲ್ಲಿ ಕಂಡ ಉಸಿರಾಟದ ತರಬೇತಿಯನ್ನು ತಮ್ಮಲ್ಲಿ ಬೆಳೆಸಿದರು. ಈಗ ಬಸುರಿಯರಿಗೆ ನಡೆಯುವ ತರಗತಿಗಳಲ್ಲಿ ಅವರ ಹೆಸರು ಕೇಳುತ್ತೀರಿ. ಇಂಥ ತರಬೇತಿಯಿಂದ ನೋವು ಸ್ವಲ್ಪ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ ಎಂದು ಮೆಲ್ಝಾಕ್ ಅಳತೆ ತೋರಿಸಿತು. ಉಸಿರಾಟ ಕಲಿತೂ ಕೂಗಿಕೊಂಡವಳು ಸೋತಳು ಎಂದಲ್ಲ.

ಪಕ್ಕದಲ್ಲೊಬ್ಬಳು

ನನಗೆ ತುಂಬ ಇಷ್ಟವಾದ ಸಂಗತಿ ಕೊನೆಗೆ ಸಿಕ್ಕಿತು. 1980ರಲ್ಲಿ ಗ್ವಾಟೆಮಾಲದ ಒಂದು ಆಸ್ಪತ್ರೆಯ ಅಧ್ಯಯನ ಪ್ರಕಟವಾಯಿತು. ಅಲ್ಲಿ ಚೊಚ್ಚಲ ಬಸುರಿಯರು ಒಬ್ಬರೇ ನೋವು ತಿನ್ನುತ್ತಿದ್ದರು, ಮನೆಯವರಿಗೆ ಪ್ರವೇಶವಿಲ್ಲ. ಸಂಶೋಧಕರು ಕೆಲವರ ಪಕ್ಕದಲ್ಲಿ ಮೊದಲಿಂದ ಕೊನೆಯವರೆಗೆ ಒಬ್ಬ ಹೆಂಗಸನ್ನು ಕೂರಿಸಿದರು. ಅವಳು ವೈದ್ಯೆಯಲ್ಲ, ಪರಿಚಿತಳೂ ಅಲ್ಲ. ಅವಳ ಕೆಲಸ ಬೆನ್ನು ನೀವುವುದು, ಕೈ ಹಿಡಿಯುವುದು, ಮಾತಾಡುವುದು. ಹಾಗೆ ಜೊತೆಯಿದ್ದವರಿಗೆ ಹೆರಿಗೆ ಬೇಗ ಆಯಿತು, ತೊಡಕುಗಳೂ ಕಡಿಮೆ. ಚರಕ ಸಂಹಿತೆ ಬರೆದಿದ್ದನ್ನು, ನಮ್ಮ ಸೂಲಗಿತ್ತಿ ಮಾಡುತ್ತಿದ್ದುದನ್ನು, ಆ ಆಯಾ ಯಾರೂ ಹೇಳದೆ ಮಾಡಿದ್ದನ್ನು ವಿಜ್ಞಾನ ಲೆಕ್ಕ ಹಾಕಿ ಒಪ್ಪಿಕೊಂಡಿತು.

ನಮ್ಮ ದೇಶದಲ್ಲಿ 1992-93ರಲ್ಲಿ ಆಸ್ಪತ್ರೆಯಲ್ಲಾಗುತ್ತಿದ್ದ ಹೆರಿಗೆ ನೂರಕ್ಕೆ ಸುಮಾರು 26. 2019-21ರ ಸಮೀಕ್ಷೆಯಲ್ಲಿ ಅದು ನೂರಕ್ಕೆ 88ಕ್ಕೂ ಹೆಚ್ಚು, ಕರ್ನಾಟಕದಲ್ಲಿ 97. 2018-20ರಲ್ಲಿ ಲಕ್ಷ ಜನನಕ್ಕೆ ತಾಯಂದಿರ ಸಾವು ದೇಶದಲ್ಲಿ 97, ಕರ್ನಾಟಕದಲ್ಲಿ 69. ಇದು ಸಣ್ಣ ಸಾಧನೆಯಲ್ಲ. ಆದರೆ ಮನೆಯಿಂದ ಆಸ್ಪತ್ರೆಗೆ ಹೋಗುವಾಗ ನಾವು ಒಂದನ್ನು ಬಾಗಿಲಲ್ಲೇ ಬಿಟ್ಟು ಹೋದೆವು. ಪಕ್ಕದಲ್ಲಿ ಕೂರುವವಳನ್ನು. ಈಗ ಅದು ತಿಳಿದಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರುವವಳ ಜೊತೆ ಒಬ್ಬರನ್ನು ಬಿಡಬೇಕು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಹೇಳಿತು. 2017ರ ಕೊನೆಯಲ್ಲಿ ಶುರುವಾದ 'ಲಕ್ಷ್ಯ' ಯೋಜನೆಯಲ್ಲಿ ಗೌರವದಿಂದ ನಡೆಸಿಕೊಳ್ಳುವುದೂ ಸೇರಿದೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ತಾನು ಬಯಸಿದವರು ಜೊತೆಗಿರುವುದು, ಓಡಾಡುವುದು, ಬೇಕಾದ ಭಂಗಿಯಲ್ಲಿರುವುದು, ಕೇಳಿದರೆ ಎಪಿಡ್ಯೂರಲ್ ಕೊಡುವುದು, ಎಲ್ಲವನ್ನೂ ಶಿಫಾರಸು ಮಾಡಿತು.

ಎಪಿಡ್ಯೂರಲ್ ಎಂದರೆ ಬೆನ್ನಿನ ಕೆಳಭಾಗದಲ್ಲಿ ಸಣ್ಣ ಕೊಳವೆಯಿಟ್ಟು ನೋವಿನ ನರಗಳನ್ನು ಮರಗಟ್ಟಿಸುವುದು. ಎಚ್ಚರವಿರುತ್ತದೆ, ನೋವು ಬಹಳ ಮಟ್ಟಿಗೆ ಇರುವುದಿಲ್ಲ. ರಕ್ತದೊತ್ತಡ ಇಳಿಯಬಹುದು, ಮುಕ್ಕುವ ಹಂತ ಸ್ವಲ್ಪ ಉದ್ದವಾಗಬಹುದು, ಅರಿವಳಿಕೆ ತಜ್ಞರು ಹತ್ತಿರ ಇರಲೇಬೇಕು. ಅದರಿಂದ ಸಿಸೇರಿಯನ್ ಹೆಚ್ಚುತ್ತದೆ, ಜೀವನಪರ್ಯಂತ ಬೆನ್ನುನೋವು ಬರುತ್ತದೆ ಎಂಬ ನಮ್ಮ ಮಾತುಗಳಿಗೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ.

ನಾನು ಮಗಳಿಗೆ ಮತ್ತೆ ಫೋನ್ ಮಾಡಿದೆ. ಹೀಗೆ ಹೇಳಿದೆ: ತುಂಬಾ ನೋವಾಗುತ್ತೆ. ನನಗಂತೂ ಸೊಂಟ ಎರಡಾಗಿ ಒಡೆಯುತ್ತಿದೆ ಅನಿಸಿತ್ತು. ಆದರೆ ಅದು ನಿಂತು ನಿಂತು ಬರುತ್ತೆ, ನಡುವೆ ಉಸಿರಾಡೋಕೆ ಜಾಗ ಇರುತ್ತೆ, ಕೊನೆ ಅಂತ ಒಂದಿರುತ್ತೆ. ಕೂಗಬೇಕು ಅನಿಸಿದರೆ ಕೂಗು. ಇಂಜೆಕ್ಷನ್ ಬೇಕು ಅನಿಸಿದರೆ ಕೇಳು, ಬೇಡ ಅನಿಸಿದರೆ ಬೇಡ. ಎರಡರಲ್ಲಿ ಯಾವುದೂ ನಿನ್ನನ್ನು ಹೆಚ್ಚು ತಾಯಿ ಮಾಡೋದಿಲ್ಲ, ಕಡಿಮೆ ತಾಯಿಯೂ ಮಾಡೋದಿಲ್ಲ. ಮೊದಲೇ ಆಸ್ಪತ್ರೆಯಲ್ಲಿ ಕೇಳಿಕೋ, ಜೊತೆಗೆ ಒಬ್ಬರನ್ನು ಒಳಗೆ ಬಿಡ್ತಾರಾ ಅಂತ.

ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಆಮೇಲೆ "ನಿನಗೆ ಯಾರಿದ್ದರು ಅಮ್ಮಾ?" ಎಂದಳು. ಆಯಾನ ಕತೆ ಹೇಳಿದೆ. ಮೂವತ್ತು ವರ್ಷದಲ್ಲಿ ಮೊದಲ ಸಲ.

"ಹಾಗಾದರೆ ನೀನು ಬಾ" ಎಂದಳು. ಟಿಕೆಟ್ ಮಾಡಿಸಿದ್ದೇನೆ. ಈ ಸಲ ನೋವಿಗಿಂತ ಮೊದಲೇ ತಲುಪುವ ಹಾಗೆ, ಎರಡು ವಾರ ಮುಂಚೆ.